ಗ್ರಬ್ ಸ್ಕ್ರೂನಿಂದ ವುಡ್ ಲೇತ್ ಸ್ಪಿಂಡಲ್ ಹಾಳಾಗದಂಗೆ ನೋಡ್ಕೊಳ್ಳೋದು ಹೇಗೆ: ಪೂರ್ತಿ ಗೈಡ್

ವುಡ್ ಲೇತಲ್ಲಿ ಬೆಲ್ಟ್ ಹರಿದ್ರೆ ಹೊಸದು ಹಾಕ್ತೀವಿ, ಬೇರಿಂಗ್ ಸದ್ದು ಶುರು ಮಾಡಿದ್ರೆ ಅದರ ಮೇಲಿನ ನಂಬರ್ ನೋಡಿ ಅಂಗಡೀಲಿ ತರ್ತೀವಿ, ಮೋಟರ್ ಸುಟ್ಟೋದ್ರೂ ರೀವೈಂಡಿಂಗ್ ಮಾಡೋರು ಊರೂರಲ್ಲೂ ಸಿಗ್ತಾರೆ. ಸ್ಪಿಂಡಲ್, ಅಂದ್ರೆ ಮರ ತಿರುಗಿಸೋ ಮುಖ್ಯ ಶಾಫ್ಟ್, ಹಂಗಲ್ಲ. ಹೊರಗಡೆಯಿಂದ ಬಂದ ಲೇತ್ ಆದ್ರೆ ಸ್ಪಿಂಡಲ್ ಒಂದನ್ನೇ ಬಿಡಿಯಾಗಿ ತರಿಸೋದು ಕಷ್ಟ, ಇಲ್ಲೇ ಮಾಡಿಸೋಣ ಅಂದ್ರೆ ಒಳಗಿನ ಮೋರ್ಸ್ ಟೇಪರ್ (ಒಳಕ್ಕೆ ಹೋಗ್ತಾ ಕಿರಿದಾಗೋ ತೂತು), ಬೇರಿಂಗ್ ಕೂರೋ ಜಾಗ, ಥ್ರೆಡ್, ಶೋಲ್ಡರ್ (ಥ್ರೆಡ್ ಹಿಂದೆ ದಪ್ಪಗಿರೋ ಮೆಟ್ಟಿಲು) ಎಲ್ಲಾ ಒಂದೇ ಸೆಂಟರಲ್ಲಿ ಬರ್ಬೇಕು, ಸಿಕ್ಕಿದ ವರ್ಕ್‌ಶಾಪಲ್ಲಿ ಆಗೋ ಕೆಲಸ ಅಲ್ಲ ಅದು. ಇಂಥ ಭಾಗಾನ ಹಾಳು ಮಾಡೋದು ಬಹಳ ಸಲ ಚಕ್ಕಿನಲ್ಲೋ (ಮರ ಕಚ್ಚಿ ಹಿಡಿಯೋ ಭಾಗ) ಫೇಸ್ ಪ್ಲೇಟಲ್ಲೋ (ಮರಾನ ಸ್ಕ್ರೂ ಹಾಕಿ ಕೂರಿಸೋ ತಟ್ಟೆ) ಇರೋ ಒಂದು ಪುಟ್ಟ ಗ್ರಬ್ ಸ್ಕ್ರೂ, ಅಂದ್ರೆ ತಲೆ ಇಲ್ಲದ ಸ್ಕ್ರೂ. ಕೈಯಲ್ಲಿ ಅಲೆನ್ ಕೀ ಇದೆ ಅಂತ ಗಟ್ಟಿಯಾಗಿ ಬಿಗಿದುಬಿಡ್ತೀವಿ, ಸ್ಪಿಂಡಲ್ ಮೇಲೆ ಗುಂಡಗೆ ಒಂದು ಗಾಯ ಬಿದ್ದಿರೋದು ಆಮೇಲೆ ಗೊತ್ತಾಗುತ್ತೆ.

ಇದನ್ನ ಪೂರ್ತಿಯಾಗಿ ತಪ್ಪಿಸ್ಬೋದು, ಖರ್ಚೂ ಏನಿಲ್ಲ. ಆದ್ರೆ ಯಾಕೆ ಹಾಳಾಗುತ್ತೆ ಅನ್ನೋದು ಸರಿಯಾಗಿ ಅರ್ಥ ಆದ್ರೆ ಮಾತ್ರ ನಿಮ್ಮ ಲೇತಿಗೆ ಏನು ಮಾಡ್ಬೇಕು ಅಂತ ನೀವೇ ಹೇಳ್ಬೋದು, ಅದಕ್ಕೇ ಮೊದಲು ಸ್ವಲ್ಪ ಆ ವಿಷಯ.

ಗ್ರಬ್ ಸ್ಕ್ರೂ ಅಲ್ಲಿ ಯಾಕಿದೆ

ಚಕ್ಕನ್ನ ಹಿಡ್ಕೊಂಡಿರೋದು ಗ್ರಬ್ ಸ್ಕ್ರೂ ಅಲ್ಲ. ಚಕ್ಕಿನ ಹಿಂಬದಿಯ ಮುಖ ಸ್ಪಿಂಡಲ್ ಶೋಲ್ಡರಿಗೆ ಒತ್ತಿ ಕೂತಿರುತ್ತಲ್ಲ, ಆ ಬಿಗಿ ಹಿಡ್ಕೊಂಡಿರೋದು. ಥ್ರೆಡ್ ಬಲಗೈ ಥ್ರೆಡ್, ಲೇತ್ ಮಾಮೂಲಿ ದಿಕ್ಕಲ್ಲಿ ತಿರುಗುವಾಗ ಉಳಿ ಮರಕ್ಕೆ ತಗುಲಿದಷ್ಟೂ ಚಕ್ ಇನ್ನೂ ಬಿಗಿಯಾಗುತ್ತೆ. ಸಮಸ್ಯೆ ಬರೋದು ಎರಡೇ ಕಡೆ. ಒಂದು, ಸ್ಯಾಂಡಿಂಗ್ ಮಾಡೋಕೆ ರಿವರ್ಸ್ ಹಾಕಿದಾಗ. ಇನ್ನೊಂದು, ವಿಎಫ್‌ಡಿ (ಮೋಟರ್ ಸ್ಪೀಡ್ ಹೆಚ್ಚು ಕಡಿಮೆ ಮಾಡೋ ಎಲೆಕ್ಟ್ರಾನಿಕ್ ಡ್ರೈವ್) ಇರೋ ಲೇತು ಗಕ್ಕನೆ ಬ್ರೇಕ್ ಹಾಕಿದಾಗ, ಸ್ಪಿಂಡಲ್ ನಿಂತರೂ ಮುಂದೆ ಇರೋ ಭಾರದ ಬೌಲ್ ಮರ ತಿರುಗೋ ರಭಸ ಬಿಡಲ್ಲ, ಚಕ್ ಸಮೇತ ಬಿಚ್ಕೊಳೋಕೆ ನೋಡುತ್ತೆ. ಈ ಎರಡು ಸಂದರ್ಭಕ್ಕೆ ಮಾತ್ರ ಗ್ರಬ್ ಸ್ಕ್ರೂ. ಬಾಗಿಲು ಹಾಕೋದು ಶೋಲ್ಡರ್, ಗ್ರಬ್ ಸ್ಕ್ರೂ ಬರೀ ಚಿಲಕ. ಬಾಗಿಲು ಸರಿಯಾಗಿ ಮುಚ್ಚದೆ ಚಿಲಕಾನ ಎಷ್ಟು ಜೋರಾಗಿ ಜಡಿದ್ರೂ ಪ್ರಯೋಜನ ಇಲ್ಲ.

ರಿವರ್ಸ್ ಹಾಕೋದೇ ಇಲ್ಲ, ವಿಎಫ್‌ಡಿ ಬ್ರೇಕೂ ಇಲ್ಲ ಅನ್ನೋರಿಗೆ ಗ್ರಬ್ ಸ್ಕ್ರೂ ಬೇಕಾಗೇ ಇಲ್ಲ. ಅದನ್ನ ಬಿಚ್ಚಿ ಡಬ್ಬೀಲಿ ಹಾಕಿಡಿ, ಸ್ಪಿಂಡಲ್ ಉಳಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ವಿಎಫ್‌ಡಿ ಇರೋರು ನಿಲ್ಲೋ ಟೈಮ್ ಸೆಟ್ಟಿಂಗನ್ನ ಸ್ವಲ್ಪ ಜಾಸ್ತಿ ಮಾಡ್ಕೊಳಿ, ಭಾರದ ಮರ ಹಾಕಿದಾಗ 5 ರಿಂದ 10 ಸೆಕೆಂಡ್ ತಗೊಂಡು ನಿಂತರೆ ನಷ್ಟ ಏನಿಲ್ಲ.

ಗಾಯ ಹೇಗೆ ಆಗುತ್ತೆ

ಅಂಗಡೀಲಿ ಸುಮ್ನೆ ಗ್ರಬ್ ಸ್ಕ್ರೂ ಕೊಡಿ ಅಂದ್ರೆ ಸಾಮಾನ್ಯವಾಗಿ ಕೊಡೋದು ಕಪ್ ಪಾಯಿಂಟ್. ಅದರ ತುದಿ ನೋಡಿ, ಮಧ್ಯದಲ್ಲಿ ಗುಳಿ, ಸುತ್ತ ಚೂಪಾದ ಅಂಚು. ಎಂ6 (6 ಮಿಮೀ ದಪ್ಪದ) ಸ್ಕ್ರೂ ಆದ್ರೆ ಆ ಅಂಚು ಸುಮಾರು 3 ಮಿಮೀ ಅಗಲದ ಒಂದು ಬಳೆ. ಅದನ್ನ ಮಾಡಿರೋದೇ ಶಾಫ್ಟಿಗೆ ಕಚ್ಚಿ ಹಿಡೀಲಿ ಅಂತ. ಸ್ಕ್ರೂ ಹದ ಮಾಡಿರೋ ಉಕ್ಕು, ಗಡಸುತನ 45 ಎಚ್‌ಆರ್‌ಸಿ ಮೇಲೇ ಇರುತ್ತೆ, ನಮ್ಮ ಲೇತುಗಳ ಸ್ಪಿಂಡಲ್ ಮೂತಿ (ಚಕ್ ಕೂರೋ ತುದಿ) ಬಹಳಷ್ಟು ಸಲ ಹಾರ್ಡನಿಂಗ್ ಮಾಡದೇ ಇರೋ ಮಾಮೂಲಿ ಉಕ್ಕು. ಗಟ್ಟಿ ಮೆತ್ತಗಿರೋದನ್ನ ಕಚ್ಚುತ್ತೆ, ಅಷ್ಟೇ ಕಥೆ.

ಆದ್ರೆ ಗುಳಿ ಬಿದ್ದಿದ್ದು ದೊಡ್ಡ ತೊಂದ್ರೆ ಅಲ್ಲ. ಗುಳಿಯಿಂದ ಹೊರಗೆ ಬಂದ ಲೋಹ ಸುತ್ತ ಉಬ್ಬಿ ನಿಲ್ಲುತ್ತಲ್ಲ, ಆ ಬರ್ ನಿಜವಾದ ಶತ್ರು. ಚಕ್ ಬಿಚ್ಚುವಾಗ ಚಕ್ಕಿನ ಒಳಗಿನ ಥ್ರೆಡ್ಡು ಆ ಬರ್ ಮೇಲೇ ಹಾದು ಹೋಗ್ಬೇಕು, ಉಜ್ಜಿ ಉಜ್ಜಿ ಎರಡೂ ಕಡೆ ಥ್ರೆಡ್ ಕೆಡುತ್ತೆ, ಕೆಲವೊಮ್ಮೆ ಅರ್ಧಕ್ಕೆ ಜಾಮ್ ಆಗಿ ನಿಂತುಬಿಡುತ್ತೆ. ಬರ್ ಶೋಲ್ಡರ್ ಮುಖದ ಮೇಲೆ ಎದ್ದಿದ್ರೆ ಚಕ್ ಸೊಟ್ಟ ಕೂರುತ್ತೆ, ಆಮೇಲೆ ನೀವು ಚಕ್ ಸರಿ ಇಲ್ಲ, ಬೇರಿಂಗ್ ಹೋಗಿದೆ ಅಂತ ಬೇರೆಲ್ಲೋ ಹುಡುಕ್ತಾ ಇರ್ತೀರ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಗ್ರಬ್ ಸ್ಕ್ರೂ ಸಡಿಲ ಮಾಡದೆ ಚಕ್ ತಿರುಗಿಸಿ ಬಿಚ್ಚೋದು, ಆಗ ಸ್ಕ್ರೂ ತುದಿ ನೇಗಿಲು ಹೂಡ್ದಂಗೆ ಥ್ರೆಡ್ಡಿನ ತಲೆಗಳ ಮೇಲೆ ಸುತ್ತಲೂ ಗೆರೆ ಎಳ್ಕೊಂಡು ಹೋಗುತ್ತೆ.

ಹಂತ 1: ನಿಮ್ಮ ಸ್ಪಿಂಡಲ್ ಮೂತಿ ಹೇಗಿದೆ ನೋಡಿ

ಪ್ಲಗ್ ತೆಗೀರಿ, ಚಕ್ ಬಿಚ್ಚಿ, ಬಟ್ಟೆ ಮತ್ತೆ ಹಳೇ ಟೂತ್ ಬ್ರಷ್ಷಿಂದ ಥ್ರೆಡ್ ಕ್ಲೀನ್ ಮಾಡಿ. ಸಣ್ಣ ಮತ್ತು ಮಧ್ಯಮ ಗಾತ್ರದ ಲೇತಲ್ಲಿ ಹೆಚ್ಚಾಗಿ 1 ಇಂಚು 8 ಟಿಪಿಐ (ಒಂದು ಇಂಚಿಗೆ 8 ಥ್ರೆಡ್), ದೊಡ್ಡದರಲ್ಲಿ ಒಂದೂಕಾಲು ಇಂಚು 8 ಟಿಪಿಐ ಅಥವಾ ಎಂ33×3.5 (33 ಮಿಮೀ ದಪ್ಪ, ಥ್ರೆಡ್ಡಿಂದ ಥ್ರೆಡ್ಡಿಗೆ 3.5 ಮಿಮೀ) ಇರುತ್ತೆ. ಶೋಲ್ಡರ್‌ಗೂ ಥ್ರೆಡ್ ಶುರುವಾಗೋ ಜಾಗಕ್ಕೂ ಮಧ್ಯ ಏನಿದೆ ಅನ್ನೋದೇ ಮುಖ್ಯ. ಕೆಲವದರಲ್ಲಿ ಥ್ರೆಡ್ ಇಲ್ಲದ ನುಣುಪು ಭಾಗ ಇರುತ್ತೆ, ಕೆಲವದರಲ್ಲಿ ಥ್ರೆಡ್ಡಿನ ಆಳಕ್ಕಿಂತ ಕೆಳಗೆ ಇಳಿದಿರೋ ಗ್ರೂವ್ ಇರುತ್ತೆ, ಕೆಲವು ಅಗ್ಗದ ಲೇತಲ್ಲಿ ಥ್ರೆಡ್ ಸೀದಾ ಶೋಲ್ಡರ್ ತನಕ ಬಂದಿರುತ್ತೆ.

ಗ್ರೂವ್ ಇದ್ರೆ ನೀವು ಅದೃಷ್ಟವಂತರು. ಗ್ರೂವಿನ ತಳದಲ್ಲಿ ಸ್ಕ್ರೂ ಕಚ್ಚಿ ಬರ್ ಎದ್ರೂ ಅದು ಥ್ರೆಡ್ಡಿಗಿಂತ ಕೆಳಗೇ ಇರುತ್ತೆ, ಚಕ್ಕಿನ ಥ್ರೆಡ್ ಅದನ್ನ ಮುಟ್ಟಲ್ಲ. ಇನ್ನೊಂದು ಲಾಭ ಬಹಳ ಜನ ಗಮನಿಸಲ್ಲ: ಸ್ಕ್ರೂ ಹಿಡಿತ ಜಾರಿ ಚಕ್ ಬಿಚ್ಕೊಳೋಕೆ ಶುರು ಮಾಡಿದ್ರೂ ಎಂ33×3.5 ರಲ್ಲಿ ಒಂದು ಸುತ್ತಿಗೆ 3.5 ಮಿಮೀ ಮುಂದೆ ಬರ್ಬೇಕಲ್ವಾ, ಅಷ್ಟರಲ್ಲಿ ಸ್ಕ್ರೂ ತುದಿ ಗ್ರೂವಿನ ಗೋಡೆಗೆ ತಾಗಿ ಅಲ್ಲೇ ತಡೆಯುತ್ತೆ, ಚಕ್ ಹಾರಿ ಮೈಮೇಲೆ ಬರಲ್ಲ.

ಹಂತ 2: ಸ್ಕ್ರೂ ಎಲ್ಲಿ ಬಂದು ಕೂರುತ್ತೆ ಅಂತ ಗುರುತು ಮಾಡ್ಕೊಳಿ

ಈ ಹಂತ ಬಿಡಲೇಬೇಡಿ. ಶೋಲ್ಡರ್ ಪಕ್ಕದ ಜಾಗಕ್ಕೆಲ್ಲ ಪರ್ಮನೆಂಟ್ ಮಾರ್ಕರ್ ಬಳಿದುಬಿಡಿ, ಚಕ್ ಪೂರ್ತಿ ಕೂರೋ ತನಕ ಕೈಯಲ್ಲಿ ತಿರುಗಿಸಿ ಹಾಕಿ, ಗ್ರಬ್ ಸ್ಕ್ರೂವನ್ನ ಬೆರಳಲ್ಲೇ ಸುಮ್ನೆ ತಾಗಿಸಿ, ಅಲೆನ್ ಕೀಯನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಿ, ವಾಪಸ್ ಸಡಿಲ ಮಾಡಿ ಚಕ್ ಬಿಚ್ಚಿ. ಇಂಕ್ ಮೇಲೆ ಸಣ್ಣ ಉಂಗುರದ ಗುರುತು ಕಾಣುತ್ತೆ. ಅದು ನುಣುಪು ಭಾಗದ ಮೇಲೋ, ಗ್ರೂವಲ್ಲೋ, ಥ್ರೆಡ್ ಮೇಲೋ ಅಂತ ಕಣ್ಣಿಗೇ ಗೊತ್ತಾಗುತ್ತೆ.

ವರ್ನಿಯರ್ ಇದ್ರೆ ಲೆಕ್ಕಾನೂ ಹಾಕ್ಬೋದು. ಚಕ್ಕಿನ ಹಿಂಬದಿ ಮುಖದಿಂದ ಸ್ಕ್ರೂ ತೂತಿನ ಮಧ್ಯಕ್ಕೆ 6 ಮಿಮೀ ಇದೆ ಅನ್ಕೊಳಿ, ಸ್ಪಿಂಡಲಲ್ಲಿ ಶೋಲ್ಡರಿಂದ ಥ್ರೆಡ್ ಶುರು ಆಗೋ ತನಕ 5 ಮಿಮೀ ಮಾತ್ರ ನುಣುಪು ಜಾಗ ಇದೆ, ಅಂದ್ರೆ ಸ್ಕ್ರೂ ತುದಿ ಥ್ರೆಡ್ ಮೇಲೇ ಬಂದು ಕೂರುತ್ತೆ. ಚಕ್ ಸಲೀಸಾಗಿ ಬಿಚ್ಲಿ ಅಂತ ಶೋಲ್ಡರಿಗೆ ನೈಲಾನ್ ವಾಷರ್ ಹಾಕೋ ಅಭ್ಯಾಸ ಇದ್ರೆ ಆ ವಾಷರಿನ ದಪ್ಪದಷ್ಟು ಸ್ಕ್ರೂ ಮುಂದಕ್ಕೆ ಸರಿಯುತ್ತೆ, ಗ್ರೂವಲ್ಲಿ ಸರಿಯಾಗಿ ಕೂರ್ತಿದ್ದ ಸ್ಕ್ರೂ ವಾಷರ್ ಹಾಕಿದ ಮೇಲೆ ಥ್ರೆಡ್ಡಿಗೆ ಬಂದಿರೋ ಸಾಧ್ಯತೆ ಇದೆ, ಮತ್ತೆ ಚೆಕ್ ಮಾಡಿ.

ಪ್ರತಿ ಚಕ್ಕಿಗೆ, ಪ್ರತಿ ಫೇಸ್ ಪ್ಲೇಟಿಗೆ, ಪ್ರತಿ ಥ್ರೆಡ್ ಅಡಾಪ್ಟರಿಗೆ ಇದನ್ನ ಬೇರೆ ಬೇರೆ ಮಾಡ್ಬೇಕು, ಯಾಕಂದ್ರೆ ಒಂದೊಂದು ಕಂಪನಿ ತೂತು ಒಂದೊಂದು ಕಡೆ ಹೊಡೆದಿರುತ್ತೆ. ಇನ್ಸರ್ಟ್ (ಸ್ಪಿಂಡಲ್ ಥ್ರೆಡ್ಡಿಗೆ ಹೊಂದೋಹಂಗೆ ಚಕ್ ಒಳಗೆ ಹಾಕೋ ಬೇರೆ ತುಂಡು) ಇರೋ ಚಕ್ ಆದ್ರೆ ಇನ್ನೊಂದು ಗೊಂದಲ ಇದೆ, ಇನ್ಸರ್ಟನ್ನ ಚಕ್ ಬಾಡಿಗೆ ಹಿಡಿಯೋ ಗ್ರಬ್ ಸ್ಕ್ರೂ ಬೇರೆ, ಸ್ಪಿಂಡಲ್ ಹಿಡಿಯೋದು ಬೇರೆ. ಮೊದಲನೇದು ಸ್ಪಿಂಡಲ್ ಮುಟ್ಟಬಾರದು, ಅದರ ತುದಿ ಒಳಗೆ ಎಷ್ಟು ದೂರ ಬಂದಿದೆ ಅಂತ ಟಾರ್ಚ್ ಹಾಕಿ ನೋಡಿ.

ಹಂತ 3: ಸರಿಯಾದ ತುದಿ ಆರಿಸ್ಕೊಳಿ

ಗ್ರಬ್ ಸ್ಕ್ರೂ ತುದಿಗಳಿಗೆ ಡಿನ್ (ಜರ್ಮನ್ ಸ್ಟ್ಯಾಂಡರ್ಡ್) ನಂಬರ್ ಇದೆ, ಅಂಗಡೀಲಿ ನಂಬರ್ ಹೇಳಿದ್ರೆ ಗೊಂದಲ ಇರಲ್ಲ. ಡಿನ್ 913 ಅಂದ್ರೆ ಫ್ಲ್ಯಾಟ್ ಪಾಯಿಂಟ್, 914 ಕೋನ್, 915 ಡಾಗ್ ಪಾಯಿಂಟ್, 916 ಕಪ್. ಚಕ್ಕಿಗೆ 914 ಮತ್ತೆ 916 ಎರಡೂ ಬೇಡ. 913 ಪರವಾಗಿಲ್ಲ, ಆದ್ರೆ ಅದೂ ಗಟ್ಟಿ ಉಕ್ಕೇ, ಅದರ ಅಂಚೂ ಜೋರಾಗಿ ಬಿಗಿದ್ರೆ ಗುರುತು ಬಿಡುತ್ತೆ. ಒಳ್ಳೇದು ಅಂದ್ರೆ ತುದೀಲಿ ಹಿತ್ತಾಳೆ ಅಥವಾ ನೈಲಾನ್ ಕೂರಿಸಿರೋ ಗ್ರಬ್ ಸ್ಕ್ರೂ. ಸಿಕ್ಕಿಲ್ಲ ಅಂದ್ರೆ ಫ್ಲ್ಯಾಟ್ ಪಾಯಿಂಟ್ ತಗೊಂಡು ಅದರ ಮುಂದೆ ಹಿತ್ತಾಳೆ ಅಥವಾ ತಾಮ್ರದ ಸಣ್ಣ ತುಂಡು ಹಾಕೋದು, ನನಗಂತೂ ಇದೇ ಎಲ್ಲಕ್ಕಿಂತ ಇಷ್ಟ. ತುಂಡು ಸವೆದ್ರೆ ಇನ್ನೊಂದು ಕತ್ತರಿಸಿದ್ರಾಯ್ತು, ಸ್ಕ್ರೂ ಬದಲಾಯಿಸೋ ಗೋಜಿಲ್ಲ.

ಹಂತ 4: ತುಂಡು ಮಾಡೋ ರೀತಿ

ಅಳತೆ ಮುಖ್ಯ. ಎಂ5 ತೂತಿನ ಒಳಗಿನ ಅಗಲ ಸುಮಾರು 4.1 ಮಿಮೀ, ಎಂ6 ಆದ್ರೆ 4.9 ಮಿಮೀ, ಎಂ8 ಆದ್ರೆ 6.6 ಮಿಮೀ. ಯಾವ ಸ್ಕ್ರೂ ಅಂತ ಗೊತ್ತಿಲ್ಲ ಅಂದ್ರೆ ಅಲೆನ್ ಕೀ ನೋಡಿ: 2.5 ಮಿಮೀ ಕೀ ಕೂತ್ರೆ ಎಂ5, 3 ಮಿಮೀ ಆದ್ರೆ ಎಂ6, 4 ಮಿಮೀ ಆದ್ರೆ ಎಂ8. ಅಮೆರಿಕಾ ಕಡೆಯ ಚಕ್ಕಲ್ಲಿ ಇಂಚು ಸೈಜಿನ ಸ್ಕ್ರೂ ಇರುತ್ತೆ, ಆಗ ಮಿಲಿಮೀಟರ್ ಕೀ ಲೊಡಲೊಡ ಅನ್ನುತ್ತೆ, ಒತ್ತಾಯ ಮಾಡಿ ತಿರುಗಿಸಿದ್ರೆ ಸ್ಕ್ರೂ ತಲೆ ಒಳಗೇ ಸವೆದು ಹೋಗುತ್ತೆ.

ಎಂ5ಗೆ ಬೇಕಾದ್ದು ಎಲೆಕ್ಟ್ರಿಕಲ್ ಅಂಗಡೀಲೇ ಇದೆ. ಮನೆ ಅರ್ಥಿಂಗ್‌ಗೆ ಹಾಕೋ 8 ಗೇಜಿನ ತಾಮ್ರದ ತಂತಿ ಸುಮಾರು 4.06 ಮಿಮೀ, ಎಂ5 ತೂತಿಗೆ ಅಳತೆ ತಗೊಂಡು ಮಾಡ್ದಂಗೆ ಕೂರುತ್ತೆ. ಎಂ6ಗೂ ಅದೇ ನಡೆಯುತ್ತೆ, ಸ್ವಲ್ಪ ಸಡಿಲ ಅಷ್ಟೇ. ಸರಿಯಾಗಿ ಬೇಕು ಅಂದ್ರೆ 5 ಮಿಮೀ ಹಿತ್ತಾಳೆ ರಾಡ್ ತಗೊಳಿ, ಬೆಂಗಳೂರಲ್ಲಿರೋರಿಗೆ ಎಸ್‌ಜೆಪಿ ರೋಡ್ ಕಡೆ ಹೋದ್ರೆ ರಾಡು, ಸ್ಕ್ರೂ ಎರಡೂ ಸಿಗುತ್ತೆ. 5 ಮಿಮೀ ರಾಡ್ ಎಂ6 ತೂತಲ್ಲಿ ಹಾಗೇ ಹೋಗಲ್ಲ, ಡ್ರಿಲ್ ಮಷಿನ್ ಚಕ್ಕಿಗೆ ಹಾಕಿ ನಿಧಾನ ತಿರುಗಿಸ್ತಾ ಸಣ್ಣ ಅರದಿಂದ 4.7 ರಷ್ಟಕ್ಕೆ ಇಳಿಸ್ಕೊಳಿ. ಎಂ8ಗೆ 6 ಮಿಮೀ ರಾಡ್ ಸೀದಾ ಹೋಗುತ್ತೆ.

ಉದ್ದ 3 ರಿಂದ 4 ಮಿಮೀ ಸಾಕು. ಹ್ಯಾಕ್ಸಾದಲ್ಲಿ ಕತ್ತರಿಸಿ ಎರಡೂ ಮುಖ ಚಪ್ಪಟೆ ಮಾಡಿ, ಎರಡೂ ಕಡೆ ಅಂಚನ್ನ ಅರದಿಂದ ಚೆನ್ನಾಗಿ ಮುರೀರಿ. ಅಂಚು ಮುರಿಯೋದು ಯಾಕೆ ಅಂದ್ರೆ ಒತ್ತಡಕ್ಕೆ ತುಂಡಿನ ತುದಿ ಅಣಬೆ ಥರ ಅರಳುತ್ತೆ, ಅಂಚು ಹಾಗೇ ಬಿಟ್ಟಿದ್ರೆ ಅದು ತೂತಿನಿಂದ ಹಿಂದೆ ಬರಲ್ಲ. ತುಂಡು ಹಾಕಿ ಸ್ಕ್ರೂ ಬಿಗಿದ ಮೇಲೆ ಸ್ಕ್ರೂ ತಲೆ ಚಕ್ ಮೈಯಿಂದ ಹೊರಗೆ ಎದ್ದಿದ್ರೆ ತುಂಡನ್ನ ಗಿಡ್ಡ ಮಾಡಿ ಅಥವಾ ಗಿಡ್ಡ ಸ್ಕ್ರೂ ಹಾಕಿ. 1500 ಆರ್‌ಪಿಎಂನಲ್ಲಿ ತಿರುಗೋ ಚಕ್ಕಿಂದ 2 ಮಿಮೀ ಹೊರಗೆ ಬಂದಿರೋ ಉಕ್ಕಿನ ಮೊಳೆ ಬೆರಳ ಗೆಣ್ಣಿಗೆ ತಾಗಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ, ಈ ಒಂದು ವಿಷಯದಲ್ಲಿ ನಡೆಯುತ್ತೆ ಬಿಡು ಅನ್ನಬೇಡಿ.

ತುಂಡಿಗೆ ಒಂಚೂರು ಗ್ರೀಸ್ ಹಚ್ಚಿ ತೂತಿಗೆ ಹಾಕಿ, ಇಲ್ಲಾಂದ್ರೆ ಚಕ್ ಬಿಚ್ಚಿದಾಗೆಲ್ಲ ಕೆಳಗೆ ಬಿದ್ದು ಮರದ ಹೊಟ್ಟಲ್ಲಿ ಕಳೆದುಹೋಗುತ್ತೆ. ಸ್ಕ್ರೂ ಥ್ರೆಡ್ ಮೇಲೇ ಕೂರೋ ಲೇತಾದ್ರೆ ಮೊದಲ ಸಲ ಬಿಗಿದಾಗ ತುಂಡಿನ ಮುಖದ ಮೇಲೆ ಸ್ಪಿಂಡಲ್ ಥ್ರೆಡ್ಡಿನ ಅಚ್ಚು ಬೀಳುತ್ತೆ. ಅದು ತೊಂದ್ರೆ ಅಲ್ಲ, ಒಳ್ಳೇದೇ, ಆಮೇಲಿಂದ ಹಿಡಿತ ಇನ್ನೂ ಚೆನ್ನಾಗಿರುತ್ತೆ, ತುಂಡು ಅದೇ ದಿಕ್ಕಲ್ಲಿ ಇರೋಹಂಗೆ ನೋಡ್ಕೊಳಿ.

ಹಂತ 5: ಹಾಕೋ ಕ್ರಮ

ಮೊದಲು ಗ್ರಬ್ ಸ್ಕ್ರೂ ಎರಡು ಸುತ್ತು ಹಿಂದೆ ಬಂದಿರ್ಬೇಕು. ಸ್ಕ್ರೂ ಹಿಂದೆ ಬಂದ್ರೆ ತುಂಡು ತಾನಾಗೇ ಹಿಂದೆ ಬರಲ್ಲ, ಚಕ್ಕಿನ ಒಳಗಿಂದ ಬಿದಿರು ಕಡ್ಡಿಯಲ್ಲಿ ಅದನ್ನ ಒತ್ತಿ ಹಿಂದೆ ಕಳಿಸಿ, ಇಲ್ಲಾಂದ್ರೆ ಚಕ್ ತಿರುಗಿಸಿ ಹಾಕುವಾಗ ಸ್ಪಿಂಡಲ್ ಥ್ರೆಡ್ಡು ಅದನ್ನ ಕೊರೆದು ಹಾಕುತ್ತೆ. ಥ್ರೆಡ್ಡು ಮತ್ತು ಶೋಲ್ಡರ್ ಎರಡೂ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಹಚ್ಚಿ, ಚಕ್ಕನ್ನ ಕೈಯಲ್ಲಿ ಶೋಲ್ಡರ್ ಮುಟ್ಟೋ ತನಕ ತಿರುಗಿಸಿ, ಕೊನೇಲಿ ಒಂದು ಸಣ್ಣ ಜರ್ಕ್ ಕೊಟ್ಟು ಕೂರಿಸಿ. ಆಮೇಲೆ ಮಾತ್ರ ಗ್ರಬ್ ಸ್ಕ್ರೂ. ಮೊದಲೇ ಸ್ಕ್ರೂ ಬಿಗಿದ್ರೆ ಅದು ಚಕ್ಕನ್ನ ಒಂದು ಪಕ್ಕಕ್ಕೆ ತಳ್ಳುತ್ತೆ, ಶೋಲ್ಡರ್ ಮೇಲೆ ಪೂರ್ತಿ ಕೂರಲ್ಲ, ರನ್‌ಔಟ್ (ತಿರುಗುವಾಗ ಓಲಾಡೋದು) ಅಲ್ಲಿಂದಲೇ ಶುರು.

ಎಷ್ಟು ಬಿಗೀಬೇಕು ಅಂದ್ರೆ: ಅಲೆನ್ ಕೀಯ ಉದ್ದದ ಕಡೆಯನ್ನ ಸ್ಕ್ರೂಗೆ ಹಾಕಿ, ಗಿಡ್ಡ ಕಡೆಯನ್ನ ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಅಷ್ಟು ಸಾಕು. ಕೀಗೆ ಪೈಪ್ ಸಿಕ್ಕಿಸೋದು, ಟಿ ಹ್ಯಾಂಡಲ್ ಹಾಕೋದು ಬೇಡವೇ ಬೇಡ. ಎರಡು ಸ್ಕ್ರೂ ಇದ್ರೆ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗೀರಿ.

ರಿವರ್ಸಲ್ಲಿ ಸ್ಯಾಂಡಿಂಗ್ ಮಾತ್ರ ಮಾಡಿ, ಅದೂ ಕಡಿಮೆ ಸ್ಪೀಡಲ್ಲಿ, ಮೆಲ್ಲಗೆ ಒತ್ತಿ. ರಿವರ್ಸಲ್ಲಿ ಉಳಿ ಹಿಡಿದು ಕೆತ್ತೋಕೆ ಹಿತ್ತಾಳೆ ತುಂಡಿನ ಹಿಡಿತ ನಂಬ್ಕೋಬೇಡಿ.

ಹಂತ 6: ಬಿಚ್ಚೋ ಕ್ರಮ

ನಾನು ನೋಡಿರೋ ಹಾಳಾದ ಸ್ಪಿಂಡಲ್‌ಗಳಲ್ಲಿ ಹೆಚ್ಚಿನವು ಹಾಳಾಗಿದ್ದು ಬಿಚ್ಚುವಾಗ. ಗ್ರಬ್ ಸ್ಕ್ರೂ ಇದೆ ಅನ್ನೋದೇ ಮರೆತು ಹೋಗುತ್ತೆ, ಚಕ್ ಯಾಕೋ ಗಟ್ಟಿಯಾಗಿದೆ ಅಂತ ಉದ್ದ ಸ್ಪ್ಯಾನರ್ ಹಾಕಿ ಎಳೀತಾರೆ. ಅದಕ್ಕೇ ಗ್ರಬ್ ಸ್ಕ್ರೂ ಬಿಗಿದ ತಕ್ಷಣ ಹೆಡ್‌ಸ್ಟಾಕಿನ ಆನ್ ಸ್ವಿಚ್ ಪಕ್ಕ ಕೆಂಪು ಟೇಪಿನ ತುಂಡು ಅಂಟಿಸಿ, ಸ್ಕ್ರೂ ಸಡಿಲ ಮಾಡಿದಾಗ ಟೇಪ್ ತೆಗೀರಿ. ಲೇತ್ ಇನ್ನೊಬ್ಬರ ಜೊತೆ ಹಂಚ್ಕೊಂಡು ಬಳಸೋ ಕಡೆ ಇದು ತುಂಬಾ ಉಪಯೋಗಕ್ಕೆ ಬರುತ್ತೆ.

ಎಲ್ಲಾ ಸ್ಕ್ರೂಗಳನ್ನೂ ಸಡಿಲ ಮಾಡಿದ್ದೀನಾ ಅಂತ ನೋಡ್ಕೊಳಿ, ಕೆಲವು ಕಡೆ ಒಂದರ ಹಿಂದೆ ಒಂದು ಎರಡು ಸ್ಕ್ರೂ ಇರುತ್ತೆ, ಮೇಲಿನದು ಬಿಚ್ಚಿದ್ರೂ ಕೆಳಗಿನದು ಹಿಡಿದೇ ಇರುತ್ತೆ. ಸ್ಪಿಂಡಲ್ ಹಿಡ್ಕೊಳೋಕೆ ಸ್ಪಿಂಡಲ್ ಲಾಕ್ ಅಥವಾ ಸ್ಪ್ಯಾನರ್ ಬಳಸಿ, ಇಂಡೆಕ್ಸ್ ಪಿನ್ ಬೇಡ, ಅದು ಬರೀ ಭಾಗ ಮಾಡೋಕೆ ಇರೋ ಪಿನ್, ಬಗ್ಗುತ್ತೆ. ಸ್ಕ್ರೂ ಸಡಿಲ ಆಗಿದ್ರೂ ಚಕ್ ಬರ್ತಿಲ್ಲ ಅಂದ್ರೆ ಶೋಲ್ಡರ್ ಸಂದಿಗೆ ಡಬ್ಲ್ಯುಡಿ-40 ಬಿಟ್ಟು ಕಾಯಿರಿ, ಚಕ್ಕಿನ ಹಲ್ಲುಗಳಲ್ಲಿ (ಜಾ) ಗಟ್ಟಿ ಮರದ ಉದ್ದ ತುಂಡು ಹಿಡಿಸಿ ಅದರ ತುದಿಗೆ ಮರದ ಸುತ್ತಿಗೆಯಿಂದ ಒಂದು ಚುರುಕಾದ ಏಟು ಕೊಡಿ. ನಿಧಾನವಾಗಿ ಎಳೆಯೋದಕ್ಕಿಂತ ಆ ಒಂದು ಏಟು ಚೆನ್ನಾಗಿ ಕೆಲಸ ಮಾಡುತ್ತೆ.

ಈಗಾಗಲೇ ಗಾಯ ಆಗಿದ್ರೆ

ಹತ್ತಿಯ ಉಂಡೆ ತಗೊಂಡು ಥ್ರೆಡ್ ಮೇಲೆ ನಿಧಾನ ಸುತ್ತಿಸಿ, ಎಲ್ಲಿ ಬರ್ ಇದ್ಯೋ ಅಲ್ಲಿ ಎಳೆ ಸಿಕ್ಕಿಕೊಳ್ಳುತ್ತೆ. ಆ ಜಾಗಕ್ಕೆ ಮಾರ್ಕರ್ ಹಾಕಿ. ಸಣ್ಣ ತ್ರಿಕೋನದ ನೀಡಲ್ ಫೈಲ್ ಥ್ರೆಡ್ಡಿನ ಓರೆಗೆ ಸರಿಯಾಗಿ ಇಟ್ಟು ಉಬ್ಬಿದ ಲೋಹ ಮಾತ್ರ ತೆಗೀರಿ, ಲೇತ್ ಆನ್ ಮಾಡಿ ಅಲ್ಲ, ಸ್ಪಿಂಡಲ್ ಕೈಯಲ್ಲಿ ತಿರುಗಿಸ್ತಾ. ಗುಳಿ ಇರಲಿ ಬಿಡಿ, ಗುಳಿಯಿಂದ ಏನೂ ಆಗಲ್ಲ, ಅದನ್ನ ಸಮ ಮಾಡೋಕೆ ಹೋದ್ರೆ ಸುತ್ತ ಇರೋ ಒಳ್ಳೇ ಥ್ರೆಡ್ ಕಳ್ಕೊತೀರ. ಶೋಲ್ಡರ್ ಮೇಲೆ ಬರ್ ಇದ್ರೆ ಅರ ಬೇಡ, ಚಪ್ಪಟೆ ಆಯಿಲ್ ಸ್ಟೋನ್ ಇಟ್ಟು ಮೆಲ್ಲಗೆ ಉಜ್ಜಿ. ಕೆಲಸ ಮಾಡುವಾಗ ಬೇರಿಂಗ್ ಕಡೆಗೆ ಬಟ್ಟೆ ಮುಚ್ಚಿ, ಉಕ್ಕಿನ ಪುಡಿ ಅಲ್ಲಿಗೆ ಹೋಗಬಾರದು.

ಚೆಕ್ ಮಾಡೋಕೆ ಚಕ್ ಹಾಕ್ಬೇಡಿ, ಒಂದು ನಟ್ ತಗೊಳಿ. 1 ಇಂಚು 8 ಟಿಪಿಐ ಅನ್ನೋದು ಮಾಮೂಲಿ ಯುಎನ್‌ಸಿ (ಅಮೆರಿಕಾ ಕಡೆಯ ಇಂಚು ಸ್ಟ್ಯಾಂಡರ್ಡ್) ಬೋಲ್ಟ್ ಥ್ರೆಡ್, ಎಂ33×3.5 ಕೂಡ ಸ್ಟ್ಯಾಂಡರ್ಡ್ ಕೋರ್ಸ್ ಥ್ರೆಡ್, ಎರಡಕ್ಕೂ ನಟ್ ಸಿಗುತ್ತೆ. ಆದ್ರೆ ಒಂದೂಕಾಲು ಇಂಚಿನ ಯುಎನ್‌ಸಿ 7 ಟಿಪಿಐ, ಲೇತಿನದು 8, ಅಂಗಡಿ ನಟ್ ಅದಕ್ಕೆ ಆಗಲ್ಲ, ಒತ್ತಾಯ ಮಾಡಿ ತಿರುಗಿಸಿದ್ರೆ ಇದ್ದ ಥ್ರೆಡ್ಡೂ ಹೋಗುತ್ತೆ. ಇನ್ನೊಂದು ಎಚ್ಚರಿಕೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಿಗೇ ಸಂಬಂಧಪಟ್ಟಿದ್ದು: ಹಳೇ ಸ್ಟಾಕಲ್ಲಿ ಬಿಎಸ್‌ಡಬ್ಲ್ಯು (ಹಳೇ ಬ್ರಿಟಿಷ್ ಸ್ಟ್ಯಾಂಡರ್ಡ್) ನಟ್ ಇನ್ನೂ ಇರುತ್ತೆ, ಅದೂ 1 ಇಂಚಿಗೆ 8 ಟಿಪಿಐನೇ, ಆದ್ರೆ ಅದರ ಥ್ರೆಡ್ ಕೋನ 55 ಡಿಗ್ರಿ, ಯುಎನ್‌ಸಿ 60 ಡಿಗ್ರಿ. ಅದು ಸುಮಾರಾಗಿ ಹೋದಂಗೆ ಕಾಣ್ಬೋದು, ಅಷ್ಟಕ್ಕೇ ಸರಿ ಅನ್ಕೋಬೇಡಿ, ಯುಎನ್‌ಸಿ ಅಂತ ಕೇಳೇ ತಗೊಳಿ. ಸರಿಯಾದ ನಟ್ಟಿಗೆ ಹ್ಯಾಕ್ಸಾದಲ್ಲಿ ಒಂದು ಕಡೆ ಸೀಳು ಹಾಕಿ ಸೀಳಿನ ಅಂಚು ಕ್ಲೀನ್ ಮಾಡಿದ್ರೆ ಅದೇ ಥ್ರೆಡ್ ಕ್ಲೀನರ್ ಆಗುತ್ತೆ, ಎಣ್ಣೆ ಹಾಕಿ ಕೈಯಲ್ಲಿ ತಿರುಗಿಸ್ತಾ ಹೋದ್ರೆ ಉಳಿದ ಸಣ್ಣ ಬರ್ ಕೂಡ ಹೋಗುತ್ತೆ.

ಪುಲ್ಲಿ, ಹ್ಯಾಂಡ್‌ವೀಲ್ ಕಡೆ ಬೇರೆ ಲೆಕ್ಕ

ಸ್ಪಿಂಡಲ್ ಹಿಂದಿನ ಹ್ಯಾಂಡ್‌ವೀಲ್, ಒಳಗಿನ ಸ್ಟೆಪ್ ಪುಲ್ಲಿ ಇವನ್ನ ಪದೇ ಪದೇ ಬಿಚ್ಚಲ್ಲ, ಅಲ್ಲಿ ಮೋಟರಿನ ಪೂರ್ತಿ ಜೋರು ಸ್ಕ್ರೂ ಮೇಲೆ ಬೀಳೋದೂ ಉಂಟು, ಹಿತ್ತಾಳೆ ತುಂಡು ಅಲ್ಲಿ ಸಾಲಲ್ಲ. ಶಾಫ್ಟ್ ಮೇಲೆ ಅರದಿಂದ ಸಣ್ಣ ಫ್ಲ್ಯಾಟ್ ಮಾಡಿ ಸ್ಕ್ರೂ ಅಲ್ಲಿ ಕೂರೋಹಂಗೆ ಮಾಡೋದು ಸರಿಯಾದ ಕ್ರಮ, ಫ್ಲ್ಯಾಟ್ ತಗ್ಗಲ್ಲಿರೋದ್ರಿಂದ ಬರ್ ಎದ್ರೂ ಶಾಫ್ಟಿನ ಗುಂಡು ಮೈಗಿಂತ ಕೆಳಗೇ ಇರುತ್ತೆ. ಅಲುಗಾಟಕ್ಕೆ ಸ್ಕ್ರೂ ಸಡಿಲ ಆಗ್ತಿದ್ರೆ ಲಾಕ್ಟೈಟ್ 243 (ಸ್ಕ್ರೂ ಸಡಿಲ ಆಗದಂಗೆ ಹಿಡಿಯೋ ಅಂಟು) ಒಂದು ಹನಿ ಸಾಕು, ಅದಕ್ಕಿಂತ ಗಟ್ಟಿಯಾದ 271 ಹಾಕಿದ್ರೆ ಮುಂದೆ ಬಿಚ್ಚೋರು ಶಾಪ ಹಾಕ್ತಾರೆ.

ಬೇರಿಂಗ್ ಬದಲಾಯಿಸೋಕೆ ಸ್ಪಿಂಡಲ್ ಹೊರಗೆ ಎಳೆಯೋ ಮುಂಚೆ ಪುಲ್ಲಿ ಸ್ಕ್ರೂ ಕಚ್ಚಿದ ಜಾಗದ ಬರ್ ತೆಗೀಲೇಬೇಕು. ಹಂಗೇ ಸುತ್ತಿಗೆ ಏಟು ಕೊಟ್ಟು ಹೊರಗೆ ಹೊಡೆದ್ರೆ ಬರ್ ಪುಲ್ಲಿಯ ತೂತನ್ನ, ಬೇರಿಂಗ್ ಕೂರೋ ಜಾಗಾನ ಉದ್ದಕ್ಕೂ ಗೀಚುತ್ತೆ. ಪುಲ್ಲೀನ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಸಾಮಾನ್ಯವಾಗಿ ಅರ ಹೋಗೋವಷ್ಟು ಜಾಗ ಸಿಗುತ್ತೆ.

ಹೊಸದಾಗಿ ಫೇಸ್ ಪ್ಲೇಟ್ ಮಾಡಿಸೋರಿಗೆ

ಪೀಣ್ಯದಲ್ಲೋ ನಿಮ್ಮೂರ ಟರ್ನರ್ ಹತ್ರನೋ ಫೇಸ್ ಪ್ಲೇಟ್ ಅಥವಾ ಅಡಾಪ್ಟರ್ ಮಾಡಿಸ್ತಿದ್ರೆ ಬರೀ ಥ್ರೆಡ್ ಸೈಜ್ ಹೇಳಿ ಬರ್ಬೇಡಿ. ಶೋಲ್ಡರಿಂದ ಗ್ರೂವ್ ಅಥವಾ ನುಣುಪು ಭಾಗದ ಮಧ್ಯಕ್ಕೆ ಎಷ್ಟು ಮಿಮೀ ಅಂತ ಅಳೆದು ಬರ್ಕೊಂಡು ಹೋಗಿ, ಹಿಂಬದಿ ಮುಖದಿಂದ ಅಷ್ಟೇ ದೂರದಲ್ಲಿ ಎಂ6 ತೂತು ಬರ್ಬೇಕು, ಸೆಂಟರಿಗೆ ನೇರವಾಗಿ ಇಳೀಬೇಕು ಅಂತ ಸ್ಕೆಚ್ ಹಾಕಿಕೊಡಿ. ಟ್ಯಾಪ್ ಹೊಡೆದ ಮೇಲೆ ಒಳಗಡೆ ಥ್ರೆಡ್ಡಲ್ಲಿ ತೂತಿನ ಬಾಯಿ ಹತ್ರ ಬರ್ ಎದ್ದಿರುತ್ತೆ, ಅದನ್ನ ಕ್ಲೀನ್ ಮಾಡಿಸಿಯೇ ತಗೊಳಿ, ಇಲ್ಲಾಂದ್ರೆ ಮೊದಲ ಸಲ ಹಾಕುವಾಗಲೇ ಅದು ಸ್ಪಿಂಡಲ್ ಥ್ರೆಡ್ಡನ್ನ ಗೀಚುತ್ತೆ. ಸಾಧ್ಯ ಆದ್ರೆ ಸ್ಪಿಂಡಲ್ ಅಳತೆಯ ಒಂದು ಬೋಲ್ಟ್ ಜೊತೇಲಿ ತಗೊಂಡು ಹೋಗಿ, ಬೋಲ್ಟಿಗೆ ಹಾಕಿ ಸಲೀಸಾಗಿ ತಿರುಗುತ್ತಾ ಅಂತ ಅಲ್ಲೇ ನೋಡ್ಕೊಂಡು ದುಡ್ಡು ಕೊಡಿ.